ಸಿಎಎಚ್ ಇರುವ ಮಗುವಿನ ಆರೈಕೆ: ಗೊತ್ತಾದ ದಿನದಿಂದ ಶಾಲೆಯವರೆಗೆ

ನನ್ನ ಮಗ ಹುಟ್ಟಿ ಹದಿಮೂರನೇ ದಿನ. ತಿಪಟೂರಿನ ಹತ್ತಿರದ ತವರುಮನೆಯಲ್ಲಿ ಬಾಣಂತನ ನಡೀತಿತ್ತು. ಎರಡು ದಿನದ ಹಿಂದಷ್ಟೇ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿದ್ದೆವು. ಮಗು ಹಾಲು ಕುಡಿದ ಹತ್ತೇ ನಿಮಿಷಕ್ಕೆ ಎಲ್ಲ ಕಕ್ಕುತ್ತಿತ್ತು. ಅಳುವ ಶಕ್ತಿಯೂ ಕಮ್ಮಿಯಾಗಿತ್ತು. ನಾಮಕರಣಕ್ಕೆ ಬಂದವರ ಕಣ್ಣು ಬಿದ್ದಿದೆ ಅಂತ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಗುವಿನ ಮೈಯಿಂದ ಸೋರಿ ಹೋಗುತ್ತಿದ್ದದ್ದೂ ಉಪ್ಪೇ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಊರಿನ ಕ್ಲಿನಿಕ್ಕಿನಲ್ಲಿ ವಾಂತಿಗೆ ಡ್ರಾಪ್ಸ್ ಕೊಟ್ಟು ಕಳಿಸಿದರು. ಮಾರನೇ ದಿನ ದೊಡ್ಡ ಆಸ್ಪತ್ರೆಗೆ ಹೋದಾಗ ಮಗುವಿನ ತೂಕ ಹುಟ್ಟಿದಾಗ ಇದ್ದದ್ದಕ್ಕಿಂತ 400 ಗ್ರಾಂ ಕಮ್ಮಿ. ಸೋಡಿಯಂ 114, ಪೊಟ್ಯಾಸಿಯಂ 8. ಸೋಡಿಯಂ 135ರ ಮೇಲೆ ಇರಬೇಕು. ಪೊಟ್ಯಾಸಿಯಂ 8 ಅಂದರೆ ಯಾವ ಗಳಿಗೆಯಲ್ಲಾದರೂ ಹೃದಯ ನಿಲ್ಲಬಹುದು. ರಾತ್ರಿ ಡ್ಯೂಟಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಆ ಎರಡು ಸಂಖ್ಯೆ ನೋಡಿದವರೇ ಓಡಿಹೋಗಿ ಒಂದು ಇಂಜೆಕ್ಷನ್ ತಂದು ಹಾಕಿದರು. ಬೆಳಗಾಗುವ ಹೊತ್ತಿಗೆ ಮಗು ಹಾಲಿಗೆ ಬಾಯಿ ತೆರೆಯಿತು.

ಅವನಿಗಿರುವುದು ಸಿಎಎಚ್, ಅಂದರೆ ಹುಟ್ಟಿನಿಂದಲೇ ಬರುವ, ಅಡ್ರಿನಲ್ ಅನ್ನೋ ಗ್ರಂಥಿಯ ಕಾಯಿಲೆ. ಈಗ ಅವನಿಗೆ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವ ಡೋಸುಗಳು ಮಕ್ಕಳ ಹಾರ್ಮೋನ್ ತಜ್ಞರು ಸಾಮಾನ್ಯವಾಗಿ ಬರೆಯುವ ಲೆಕ್ಕ. ನಿಮ್ಮ ಮಗುವಿನ ಡೋಸನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಯಾಕೆ, ಎಷ್ಟು, ಯಾವಾಗ ಅನ್ನೋದು ಮನೆಯವರಿಗೂ ಗೊತ್ತಿರಲೇಬೇಕು. ಯಾಕಂದರೆ ನಡುರಾತ್ರಿ ಎರಡು ಗಂಟೆಗೆ ಮಗುವಿನ ಪಕ್ಕ ಇರುವವರು ನಾವೇ.

ಮೊದಲು ರೋಗವನ್ನು ಅರ್ಥ ಮಾಡಿಕೊಳ್ಳಿ

ಎರಡು ಕಿಡ್ನಿಗಳ ಮೇಲೂ ಟೋಪಿ ಹಾಕಿದ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅದೇ ಅಡ್ರಿನಲ್ ಗ್ರಂಥಿ. ಅದು ಕೊಲೆಸ್ಟ್ರಾಲ್‌ನಿಂದ ಮೂರು ಬಗೆಯ ಹಾರ್ಮೋನ್ ತಯಾರಿಸುತ್ತದೆ. ಒಂದು ಕಾರ್ಟಿಸಾಲ್. ಜ್ವರ, ಪೆಟ್ಟು, ಆಪರೇಷನ್ ಬಂದಾಗ ರಕ್ತದ ಸಕ್ಕರೆ ಮತ್ತು ಬಿಪಿ ಕುಸಿಯದ ಹಾಗೆ ಹಿಡಿದು ನಿಲ್ಲಿಸುವುದು ಇದು. ಎರಡನೆಯದು ಅಲ್ಡೋಸ್ಟಿರೋನ್. ಉಪ್ಪನ್ನು ಮೈಯಲ್ಲಿ ಉಳಿಸುವ ಕೆಲಸ ಇದರದ್ದು. ಮೂರನೆಯದು ಆಂಡ್ರೊಜನ್, ಅಂದರೆ ಗಂಡು ಹಾರ್ಮೋನುಗಳ ಗುಂಪು. ಹೆಣ್ಣುಮಕ್ಕಳಲ್ಲೂ ಇದು ಸ್ವಲ್ಪ ಇರುತ್ತದೆ.

ನನಗೆ ಇದು ಅರ್ಥವಾದದ್ದು ನಮ್ಮೂರ ಕೆರೆಯ ಲೆಕ್ಕದಲ್ಲಿ. ಕೆರೆಯಿಂದ ಮೂರು ಕಾಲುವೆ ಹೊರಡುತ್ತವೆ ಅಂದ್ಕೊಳ್ಳಿ. ಎರಡು ಕಾಲುವೆಗಳ ಬಾಯಿಗೆ ಕಲ್ಲು ಬಿದ್ದು ಮುಚ್ಚಿದೆ. ಆ ಕಡೆಯ ಗದ್ದೆಗಳು ಒಣಗುತ್ತಿವೆ. ನೀರುಗಂಟಿ ದೂರದಿಂದ ಒಣಗಿದ ಗದ್ದೆ ನೋಡಿ, ನೀರು ಸಾಲದು ಅಂತ ತೂಬು ಇನ್ನೂ ಎತ್ತುತ್ತಾನೆ. ಬಂದ ನೀರೆಲ್ಲ ತೆರೆದಿರುವ ಮೂರನೇ ಕಾಲುವೆಗೇ ನುಗ್ಗಿ ಆ ಗದ್ದೆ ಮುಳುಗುತ್ತದೆ. ಸಿಎಎಚ್ ಅಂದರೆ ಇದೇ. ಕಾರ್ಟಿಸಾಲ್, ಅಲ್ಡೋಸ್ಟಿರೋನ್ ಕಾಲುವೆಗಳು ಮುಚ್ಚಿವೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ನೀರುಗಂಟಿಯ ಹಾಗೆ ಎಸಿಟಿಎಚ್ ಅನ್ನೋ ಹಾರ್ಮೋನ್ ಕಳಿಸುತ್ತಲೇ ಇರುತ್ತದೆ. ಅಡ್ರಿನಲ್ ಗ್ರಂಥಿ ದುಡಿದು ದುಡಿದು ಊದಿಕೊಳ್ಳುತ್ತದೆ. ತಯಾರಾಗುವುದು ಮಾತ್ರ ಆಂಡ್ರೊಜನ್. ಕಾಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಅನ್ನೋ ಉದ್ದ ಹೆಸರಿಗೆ ಅರ್ಥ ಇಷ್ಟೇ: ಹುಟ್ಟಿನಿಂದಲೇ ಊದಿಕೊಂಡ ಅಡ್ರಿನಲ್.

ಮಾತ್ರೆ ಏನು ಮಾಡುತ್ತದೆ ಅನ್ನೋದೂ ಇದರಲ್ಲೇ ಇದೆ. ಒಣಗಿದ ಗದ್ದೆಗೆ ನಾವು ಹೊರಗಿನಿಂದ ನೀರು ಕೊಡುತ್ತೇವೆ. ನೀರುಗಂಟಿಗೆ ಸಮಾಧಾನವಾಗಿ ತೂಬು ಇಳಿಸುತ್ತಾನೆ. ಮುಳುಗುತ್ತಿದ್ದ ಗದ್ದೆಯೂ ಉಳಿಯುತ್ತದೆ.

ಆ ಕಲ್ಲು ಅಂದರೆ 21-ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವದ ಕೊರತೆ. ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳಲ್ಲಿ ಕಾರಣ ಇದೇ. ಇದನ್ನು ತಯಾರಿಸುವ ಸಿವೈಪಿ21ಎ2 ಜೀನ್ 6ನೇ ಕ್ರೋಮೋಸೋಮಿನಲ್ಲಿದೆ. ಕಿಣ್ವ ಹೆಚ್ಚುಕಮ್ಮಿ ಇಲ್ಲವೇ ಇಲ್ಲದಿದ್ದರೆ ಉಪ್ಪು ಸೋರುವ ಬಗೆ, ಅಂದರೆ ಡಾಕ್ಟರುಗಳು ಹೇಳುವ ಸಾಲ್ಟ್ ವೇಸ್ಟಿಂಗ್. ತೀವ್ರ ಸಿಎಎಚ್ ಇರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಇವರೇ, ನನ್ನ ಮಗನೂ ಸೇರಿ. ಸ್ವಲ್ಪ ಕಿಣ್ವ ಇದ್ದರೆ ಉಪ್ಪು ಉಳಿಯುತ್ತದೆ, ಆದರೆ ಆಂಡ್ರೊಜನ್ ಕಾಟ ಇರುತ್ತದೆ. ಇನ್ನೂ ಸೌಮ್ಯವಾದ ಬಗೆಯೊಂದಿದೆ. ಅದು ಹದಿಹರೆಯದಲ್ಲೋ ಆಮೇಲೋ ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು, ಮೊಡವೆಯಾಗಿ ಕಾಣಿಸುತ್ತದೆ. ಎಷ್ಟೋ ಸಲ ಪಿಸಿಓಡಿ ಅಂತಲೇ ಅಂದುಕೊಳ್ಳುತ್ತಾರೆ. ಜೀವಕ್ಕೆ ಅಪಾಯವಿಲ್ಲ, ಅನೇಕರಿಗೆ ಮಾತ್ರೆಯೂ ಬೇಕಾಗುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ತೀವ್ರ ಬಗೆಯ ಬಗ್ಗೆ.

ಯಾವಾಗ ಅನುಮಾನ ಪಡಬೇಕು

ಮಗು ಹುಟ್ಟಿದ ಒಂದರಿಂದ ಮೂರು ವಾರದೊಳಗೆ ಇವು ಕಂಡರೆ ಒಂದು ಗಂಟೆಯೂ ತಡ ಮಾಡಬೇಡಿ: ಮತ್ತೆ ಮತ್ತೆ ವಾಂತಿ, ಹಾಲು ಬೇಡ ಅನ್ನೋದು, ತೂಕ ಇಳಿಯೋದು, ಸದಾ ಮಂಪರು, ಒಣಗಿದ ಬಾಯಿ. ಇನ್ನೊಂದು ಗುರುತು ಮೈಬಣ್ಣ. ಮೊಲೆತೊಟ್ಟು, ವೃಷಣದ ಚೀಲ, ಯೋನಿಯ ಸುತ್ತಿನ ಚರ್ಮ ತೀರಾ ಕಪ್ಪಾಗಿರುತ್ತದೆ. ನಮ್ಮ ಮಗನನ್ನು ನೋಡಿ "ಅಪ್ಪನ ಬಣ್ಣ" ಅಂದು ಸುಮ್ಮನಾಗಿದ್ದೆವು. ಎಸಿಟಿಎಚ್ ಜಾಸ್ತಿಯಾದಾಗ ಹಾಗಾಗುತ್ತದೆ ಅಂತ ಆಮೇಲೆ ತಿಳಿಯಿತು.

ಹೆಣ್ಣುಮಗುವಾದರೆ ಹುಟ್ಟಿದ ಕೂಡಲೇ ಸುಳಿವು ಸಿಗಬಹುದು. ಹೊಟ್ಟೆಯಲ್ಲಿರುವಾಗಲೇ ಆಂಡ್ರೊಜನ್ ಜಾಸ್ತಿಯಾಗಿ ಚಂದ್ರನಾಡಿ ದೊಡ್ಡದಾಗಿರುತ್ತದೆ, ಯೋನಿಯ ತುಟಿಗಳು ಕೂಡಿಕೊಂಡಿರುತ್ತವೆ. ಕೆಲವೊಮ್ಮೆ ಗಂಡುಮಗು ಅಂತಲೇ ಹೇಳಿಬಿಡುವಷ್ಟು. ಹಾಗಾಗಿ ಒಂದು ಮಾತು ನೆನಪಿಡಿ: ಗಂಡುಮಗು ಅಂತ ಹೇಳಿದ್ದಾರೆ, ಆದರೆ ಎರಡೂ ವೃಷಣ ಕೈಗೆ ಸಿಗುತ್ತಿಲ್ಲ ಅಂದರೆ ಸಿಎಎಚ್ ಪರೀಕ್ಷೆ ಆಗಲೇಬೇಕು.

ಗಂಡುಮಕ್ಕಳ ಕಷ್ಟ ಬೇರೆ. ಅವರು ನೋಡಲು ಸರಿಯಾಗಿಯೇ ಇರುತ್ತಾರೆ. ವಾಂತಿಭೇದಿ, ನಂಜು, ಬಾಲಗ್ರಹ ಅಂತ ಏನೇನೋ ಹೆಸರು ಹೇಳುವಷ್ಟರಲ್ಲಿ ಮಗು ಕೈಬಿಟ್ಟು ಹೋಗಿರುತ್ತದೆ. ಮನೆಯಲ್ಲಿ ಹಿಂದೆ ಯಾವುದಾದರೂ ಕೂಸು ತಿಂಗಳು ತುಂಬುವ ಮುಂಚೆ ಕಾರಣ ಗೊತ್ತಾಗದೆ ತೀರಿಕೊಂಡಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ನೋವಿನ ವಿಷಯ, ಬಾಯಿ ಬರುವುದಿಲ್ಲ. ಆದರೂ ಹೇಳಿ. ನಮ್ಮತ್ತೆಗೆ ಮೊದಲು ಹುಟ್ಟಿದ ಗಂಡುಮಗು ಇಪ್ಪತ್ತನೇ ದಿನಕ್ಕೆ ಹೋಗಿತ್ತು. ಆ ಮಾತು ಹೊರಬಂದದ್ದು ನನ್ನ ಮಗ ಐಸಿಯುನಲ್ಲಿ ಇದ್ದಾಗ.

ಹುಟ್ಟಿದ 48 ಗಂಟೆಯ ನಂತರ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾಗದದ ಮೇಲೆ ತೆಗೆದು ಮಾಡುವ ಪರೀಕ್ಷೆಯಲ್ಲಿ ಇದನ್ನು ಮೊದಲೇ ಹಿಡಿಯಬಹುದು. ನಮ್ಮ ದೇಶದಲ್ಲಿ ಇದು ಎಲ್ಲ ಕಡೆ ಕಡ್ಡಾಯವಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು, ಪಟ್ಟಿಯಲ್ಲಿ ಸಿಎಎಚ್ ಇದೆಯಾ ಅಂತಲೂ ನೋಡಬೇಕು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಚೆನ್ನೈಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳನ್ನು ಹೀಗೆ ಪರೀಕ್ಷಿಸಿತ್ತು. 5,762ಕ್ಕೆ ಒಂದು ಮಗುವಿನಲ್ಲಿ ಸಿಎಎಚ್ ಸಿಕ್ಕಿತು. ಚೆನ್ನೈ ಒಂದರಲ್ಲೇ ನೋಡಿದರೆ 2,036ಕ್ಕೆ ಒಂದು. ಇದು ಅಷ್ಟೇನೂ ಅಪರೂಪದ ಕಾಯಿಲೆಯಲ್ಲ, ಅಲ್ವಾ? ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಈ ಪರೀಕ್ಷೆ ಸುಮ್ಮನೆ ಹೆಚ್ಚು ತೋರಿಸುವುದುಂಟು. ಹಾಗಾದರೆ ಮತ್ತೆ ಪರೀಕ್ಷೆ ಮಾಡುತ್ತಾರೆ, ಗಾಬರಿ ಬೇಡ.

ಪರೀಕ್ಷೆಗಳು

ಮುಖ್ಯವಾದದ್ದು 17-ಓಎಚ್‌ಪಿ ಅನ್ನೋ ರಕ್ತಪರೀಕ್ಷೆ. ಮುಚ್ಚಿದ ಕಾಲುವೆಯ ಬಾಯಲ್ಲಿ ತುಂಬಿಕೊಳ್ಳುವ ವಸ್ತು ಅದು. ತೀವ್ರ ಸಿಎಎಚ್‌ನಲ್ಲಿ ಇದು ಹತ್ತಾರು ಪಟ್ಟು, ನೂರಾರು ಪಟ್ಟು ಏರಿರುತ್ತದೆ. ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಮತ್ತೆ ಮೈಯಲ್ಲಿ ಉಪ್ಪು ಸಾಲದಾದಾಗ ಏರುವ ರೆನಿನ್. ಅನುಮಾನ ಉಳಿದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಮಗು ಗಂಡೋ ಹೆಣ್ಣೋ ಸ್ಪಷ್ಟವಿಲ್ಲದಿದ್ದರೆ ಕ್ರೋಮೋಸೋಮ್ ಪರೀಕ್ಷೆ, ಗರ್ಭಕೋಶ ನೋಡಲು ಸ್ಕ್ಯಾನ್.

ಮಗು ತೀರಾ ಸುಸ್ತಾಗಿದ್ದರೆ ರಿಪೋರ್ಟ್ ಬರುವವರೆಗೆ ಕಾಯುವ ಹಾಗಿಲ್ಲ. ರಕ್ತ ತೆಗೆದಿಟ್ಟುಕೊಂಡು ಚಿಕಿತ್ಸೆ ಶುರು ಮಾಡಬೇಕು. ನಮ್ಮ 17-ಓಎಚ್‌ಪಿ ರಿಪೋರ್ಟ್ ಬರಲು ಐದು ದಿನ ಹಿಡಿಯಿತು. ಕಾದಿದ್ದರೆ ಮಗು ಉಳಿಯುತ್ತಿರಲಿಲ್ಲ.

ಮಗು ಗಂಡೋ ಹೆಣ್ಣೋ ಅಂತ ನೆಂಟರು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ. ಸ್ಪಷ್ಟವಾಗುವವರೆಗೆ "ಮಗುವಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದೇವೆ" ಅಂದರೆ ಸಾಕು. ಜನನ ಪತ್ರಕ್ಕೂ ಅವಸರ ಮಾಡಬೇಡಿ. ಆಸ್ಪತ್ರೆಯ ವರಾಂಡದಲ್ಲಿ ನನಗೆ ಪರಿಚಯವಾದ ಹಾವೇರಿ ಕಡೆಯ ತಾಯಿಯೊಬ್ಬರಿಗೆ ಮೊದಲು ಗಂಡು ಅಂದು ಪೇಡೆ ಹಂಚಿ ಆಗಿತ್ತು. ಮೂರು ವಾರದ ಮೇಲೆ ಹೆಣ್ಣು ಅಂತ ಗೊತ್ತಾಯಿತು. ಮಗುವಿಗೆ ಅಂಡಾಶಯ, ಗರ್ಭಕೋಶ ಎಲ್ಲ ಸರಿಯಾಗಿತ್ತು. ಆ ತಾಯಿ ಮಗುವಿನ ಕಾಯಿಲೆಗಿಂತ ಊರಿನವರ ಬಾಯಿಗೆ ಹೆಚ್ಚು ಅತ್ತರು. ಇದು ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ. ಬಸುರಿಯಲ್ಲಿ ನೀವು ತಿಂದದ್ದರಿಂದ, ಮಾಡಿದ ಕೆಲಸದಿಂದ ಬಂದದ್ದೂ ಅಲ್ಲ.

ದಿನದ ಮಾತ್ರೆ

1950ರವರೆಗೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಆ ವರ್ಷ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಾಸನ್ ವಿಲ್ಕಿನ್ಸ್, ಬಾಸ್ಟನ್‌ನಲ್ಲಿ ಫ್ರೆಡರಿಕ್ ಬಾರ್ಟರ್ ಬೇರೆ ಬೇರೆಯಾಗಿ ಕಾರ್ಟಿಸೋನ್ ಕೊಟ್ಟು ನೋಡಿದರು. ಅಲ್ಲಿಂದ ಈಚೆಗೆ ಈ ಮಕ್ಕಳು ಬದುಕಿ ಬೆಳೆದು ದೊಡ್ಡವರಾಗುತ್ತಿದ್ದಾರೆ.

ಈಗ ಕೊಡುವುದು ಎರಡು ಮಾತ್ರೆ. ಒಂದು ಹೈಡ್ರೋಕಾರ್ಟಿಸೋನ್, ಕಾರ್ಟಿಸಾಲ್ ಬದಲಿಗೆ. ಇನ್ನೊಂದು ಫ್ಲುಡ್ರೋಕಾರ್ಟಿಸೋನ್, ಅಲ್ಡೋಸ್ಟಿರೋನ್ ಬದಲಿಗೆ.

ಹೈಡ್ರೋಕಾರ್ಟಿಸೋನ್ ಡೋಸನ್ನು ಮೈಯ ವಿಸ್ತೀರ್ಣ ನೋಡಿ ಹಾಕುತ್ತಾರೆ. ಬೆಳೆಯುವ ಮಕ್ಕಳಿಗೆ ಚದರ ಮೀಟರಿಗೆ ದಿನಕ್ಕೆ 10ರಿಂದ 15 ಮಿ.ಗ್ರಾಂ., ಮೂರು ಪಾಲು ಮಾಡಿ. 100 ಸೆಂ.ಮೀ. ಎತ್ತರ, 16 ಕೆ.ಜಿ. ತೂಕದ ಮಗುವಿನ ವಿಸ್ತೀರ್ಣ ಸುಮಾರು 0.67 ಚದರ ಮೀಟರ್. ದಿನಕ್ಕೆ ಹೆಚ್ಚುಕಮ್ಮಿ 7ರಿಂದ 10 ಮಿ.ಗ್ರಾಂ. ಬೇಕು. ಮಗು ಬೆಳೆದ ಹಾಗೆ ಡೋಸ್ ಬದಲಾಗುತ್ತದೆ. ಹಳೇ ಚೀಟಿ ನೋಡಿಕೊಂಡು ವರ್ಷಗಟ್ಟಲೆ ಕೊಡಬೇಡಿ. ಫ್ಲುಡ್ರೋಕಾರ್ಟಿಸೋನ್ ಮಾತ್ರ ತೂಕಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 0.05ರಿಂದ 0.2 ಮಿ.ಗ್ರಾಂ. ಮೂರು ಕೆ.ಜಿ. ಕೂಸಿಗೂ ಬೆಳೆದವರಿಗೂ ಒಂದೇ ಮಾತ್ರೆ ಬರೆದರೆ ತಪ್ಪಾಗಿದೆ ಅಂದುಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಸಮಯ ಬೆಳಿಗ್ಗೆ 6, ಮಧ್ಯಾಹ್ನ 1, ರಾತ್ರಿ 9. ಹೈಡ್ರೋಕಾರ್ಟಿಸೋನ್ ಕೆಲವೇ ಗಂಟೆಯಲ್ಲಿ ಮೈಯಿಂದ ಖಾಲಿಯಾಗುತ್ತದೆ, ಅದಕ್ಕೇ ಮೂರು ಹೊತ್ತು. ಮೂರು ಅಲಾರಂ ಮೊಬೈಲಿನಲ್ಲಿವೆ. ಅಡುಗೆಮನೆಯ ಕ್ಯಾಲೆಂಡರಿನ ಪ್ರತಿ ತಾರೀಖಿನ ಕೆಳಗೆ ಮೂರು ಟಿಕ್ ಹಾಕುತ್ತೇವೆ. ಟಿಕ್ ಇಲ್ಲದಿದ್ದರೆ "ನೀ ಕೊಟ್ಯಾ, ನಾ ಕೊಟ್ನಾ" ಅನ್ನೋ ಗೊಂದಲ ಶುರುವಾಗುತ್ತದೆ.

ಮಗು ಚಿಕ್ಕದಿದ್ದಾಗ ಮಾತ್ರೆ ಕೊಡುವುದೇ ಒಂದು ಕೆಲಸ. 10 ಮಿ.ಗ್ರಾಂ. ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಕತ್ತರಿಸುವ ಡಬ್ಬಿಯಲ್ಲಿಟ್ಟು ನಾಲ್ಕು ಭಾಗ ಮಾಡುತ್ತಿದ್ದೆ. ಒಂದು ಕಾಲುಭಾಗವನ್ನು ಸ್ಟೀಲ್ ಚಮಚದಲ್ಲಿ ಹಾಕಿ, ಇನ್ನೊಂದು ಚಮಚದ ಬೆನ್ನಿನಿಂದ ಒತ್ತಿ ನುಣ್ಣಗೆ ಪುಡಿ ಮಾಡುವುದು. ಹತ್ತು ಹನಿ ನೀರು. ಸೂಜಿಯಿಲ್ಲದ ಸಿರಿಂಜಿಗೆ ಎಳೆದು, ನಾಲಿಗೆಯ ಮೇಲಲ್ಲ, ಕೆನ್ನೆಯ ಒಳಬದಿಗೆ ನಿಧಾನ ಬಿಡುವುದು. ಆಮೇಲೆ ಚಮಚಕ್ಕೆ ಮತ್ತೆ ನಾಲ್ಕು ಹನಿ ನೀರು ಹಾಕಿ ತೊಳೆದು ಅದನ್ನೂ ಕೊಡುವುದು. ಆ ತೊಳೆದ ನೀರಿನಲ್ಲೂ ಮದ್ದಿರುತ್ತದೆ. ತುಂಬಾ ಕಹಿ, ಹಿಂದೆಯೇ ಎದೆಹಾಲು ಕೊಟ್ಟರೆ ಸುಮ್ಮನಾಗುತ್ತಿದ್ದ. ಮೂರು ಹೊತ್ತಿನದನ್ನು ಒಂದೇ ಸಲ ನೀರಿನಲ್ಲಿ ಕದಡಿ ಇಡಬೇಡಿ. ಮದ್ದು ತಳ ಸೇರುತ್ತದೆ, ಒಂದು ಹೊತ್ತು ಕಮ್ಮಿ, ಒಂದು ಹೊತ್ತು ಜಾಸ್ತಿ ಆಗುತ್ತದೆ. ಹಾಲಿನ ಬಾಟಲಿಗೂ ಬೆರೆಸಬೇಡಿ. ಮಗು ಅರ್ಧ ಬಾಟಲಿ ಬಿಟ್ಟರೆ ಎಷ್ಟು ಮದ್ದು ಒಳಗೆ ಹೋಯ್ತು ಅಂತ ಹೇಗೆ ಗೊತ್ತಾಗಬೇಕು?

"ಇಷ್ಟು ಪುಟ್ಟ ಮಗುವಿಗೆ ಸ್ಟೀರಾಯ್ಡಾ?" ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಎಲ್ಲರ ಮೈಯಲ್ಲೂ ದಿನಾ ತಯಾರಾಗುವುದನ್ನೇ ನಾವು ಹೊರಗಿನಿಂದ ಕೊಡುತ್ತಿದ್ದೇವೆ. ಇದನ್ನು ನಿಲ್ಲಿಸಿ ಬೇರೆ ಮದ್ದು ಮಾಡಿ ಅಂತ ಯಾರೇ ಹೇಳಲಿ, ಎಷ್ಟೇ ಬೇಕಾದವರಿರಲಿ, ನಿಲ್ಲಿಸಬೇಡಿ. ಒಂದೆರಡು ದಿನ ತಪ್ಪಿದರೂ ಮಗು ಕುಸಿಯಬಹುದು. ಹಾಗೆಯೇ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್ ಕೂಡ ಸ್ಟೀರಾಯ್ಡೇ ಅಲ್ವಾ ಅಂತ ಅಂಗಡಿಯವರು ಬದಲಿಸಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಅವುಗಳ ಶಕ್ತಿ ಜಾಸ್ತಿ, ಮಕ್ಕಳ ಬೆಳವಣಿಗೆಯನ್ನು ತಡೆಯುತ್ತವೆ. ಚಿಕ್ಕ ಊರುಗಳಲ್ಲಿ ಈ ಮಾತ್ರೆಗಳು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕನಿಷ್ಠ ಒಂದು ತಿಂಗಳಿನದು ಮನೆಯಲ್ಲಿ ಮುಂಗಡ ಇರಲಿ.

ಇನ್ನು ಉಪ್ಪು. ಎದೆಹಾಲಿನಲ್ಲಿ, ಪುಡಿ ಹಾಲಿನಲ್ಲಿ ಇರುವ ಉಪ್ಪು ಈ ಮಕ್ಕಳಿಗೆ ಸಾಲದು. ಮೊದಲ ವರ್ಷ ದಿನಕ್ಕೆ 1ರಿಂದ 2 ಗ್ರಾಂ ಅಡುಗೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಹಲವು ಹೊತ್ತಿಗೆ ಹಂಚಿ ಕೊಡಲು ಹೇಳುತ್ತಾರೆ. ಚಿಟಿಕೆ ಲೆಕ್ಕ ಬೇಡ. ಎಷ್ಟು ಉಪ್ಪಿಗೆ ಎಷ್ಟು ನೀರು, ಹೊತ್ತಿಗೆ ಎಷ್ಟು ಎಂಎಲ್ ಅಂತ ಆಸ್ಪತ್ರೆಯ ಸಿಸ್ಟರ್ ಹತ್ತಿರ ತೋರಿಸಿಕೊಂಡೇ ಬನ್ನಿ. ಅನ್ನ, ಸಾರು ತಿನ್ನಲು ಶುರು ಮಾಡಿದ ಮೇಲೆ ನಮ್ಮ ಊಟದಲ್ಲೇ ಬೇಕಾದಷ್ಟು ಉಪ್ಪಿರುತ್ತದೆ. ಬೇಸಿಗೆಯಲ್ಲಿ ಬೆವರಿ ಆಡಿ ಬಂದರೆ ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತೇನೆ. ಅವನೇ ಉಪ್ಪಿನಕಾಯಿ ಕೇಳಿ ಹಾಕಿಸಿಕೊಳ್ಳುತ್ತಾನೆ. ಕೇಳಿದಾಗ ಬೈಯಬೇಡಿ, ಅವರ ಮೈ ಕೇಳುತ್ತಿರುತ್ತದೆ.

ಹುಷಾರಿಲ್ಲದ ದಿನ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ದಿನದ ಮಾತ್ರೆ ಸರಿಯಾಗಿ ಹೋಗುತ್ತಿದ್ದರೆ ಈ ಮಕ್ಕಳು ಎಲ್ಲರಂತೆ ಓಡಾಡಿಕೊಂಡಿರುತ್ತಾರೆ. ಅಪಾಯ ಬರುವುದು ಜ್ವರ, ವಾಂತಿ, ಭೇದಿ, ಪೆಟ್ಟು ಬಂದಾಗ. ನಮ್ಮ ಮೈ ಜ್ವರ ಬಂದರೆ ತಾನಾಗಿಯೇ ಕಾರ್ಟಿಸಾಲ್ ಹೆಚ್ಚಿಸಿಕೊಳ್ಳುತ್ತದೆ. ಅವರ ಮೈಗೆ ಅದು ಆಗುವುದಿಲ್ಲ, ನಾವೇ ಹೆಚ್ಚಿಸಬೇಕು. ನೋಡೋಣ, ನಾಳೆ ಕಮ್ಮಿಯಾಗಬಹುದು ಅಂತ ಕಾಯುವುದೇ ದೊಡ್ಡ ತಪ್ಪು. ಮೊದಲು ಡೋಸ್ ಹೆಚ್ಚಿಸಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಡಾಕ್ಟರ್ ಕೈಬರಹದ ಚೀಟಿ ಅಂಟಿಸಿದೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ದಿನದ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು. 39 ದಾಟಿದರೆ, ಅಂದರೆ 102.2 ಫ್ಯಾರನ್‌ಹೀಟ್, ಮೂರು ಪಟ್ಟು. ಅದನ್ನು ನಾಲ್ಕು ಪಾಲು ಮಾಡಿ ಆರು ಗಂಟೆಗೊಮ್ಮೆ. ಕೆಲವು ಡಾಕ್ಟರು 38.5ರಿಂದ ಶುರು ಮಾಡಲು ಹೇಳುತ್ತಾರೆ, ನಿಮ್ಮ ಚೀಟಿಯಲ್ಲಿ ಇರುವಂತೆ ಮಾಡಿ. ರಾತ್ರಿಯ ಡೋಸಿಗೆ ಮಗುವನ್ನು ಎಬ್ಬಿಸಲೇಬೇಕು. ಪಾಪ, ಈಗ ತಾನೇ ನಿದ್ದೆ ಹತ್ತಿದೆ ಅಂತ ಬಿಟ್ಟರೆ ಬೆಳಗಿನ ಹೊತ್ತಿಗೆ ಸಕ್ಕರೆ ಇಳಿದು ಮಗು ಏಳದೇ ಇರಬಹುದು. ಫ್ಲುಡ್ರೋಕಾರ್ಟಿಸೋನ್ ಹೆಚ್ಚಿಸುವುದು ಬೇಡ, ದಿನದಷ್ಟೇ ಇರಲಿ. ಹೆಚ್ಚಿನ ಹೈಡ್ರೋಕಾರ್ಟಿಸೋನ್ ತಾನೇ ಉಪ್ಪು ಹಿಡಿಯುವ ಕೆಲಸವನ್ನೂ ಒಂದಿಷ್ಟು ಮಾಡುತ್ತದೆ. ಜೊತೆಗೆ ಓಆರ್‌ಎಸ್, ಸಕ್ಕರೆ ಹಾಕಿದ ಗಂಜಿ, ಜ್ಯೂಸ್, ಏನು ಕುಡಿದರೆ ಅದು, ಆಗಾಗ ಸ್ವಲ್ಪ ಸ್ವಲ್ಪ. ಜ್ವರ ಬಿಟ್ಟ 24 ಗಂಟೆಯ ನಂತರ ಹಳೇ ಡೋಸಿಗೆ ಬನ್ನಿ. ಎರಡು ಮೂರು ದಿನ ಹೆಚ್ಚು ಕೊಟ್ಟದ್ದರಿಂದ ಮಗುವಿಗೆ ಏನೂ ಆಗುವುದಿಲ್ಲ.

ಹೆಚ್ಚಿಸುವುದು ಯಾವಾಗ ಬೇಡ ಅನ್ನೋದೂ ಗೊತ್ತಿರಲಿ. ಜ್ವರವಿಲ್ಲದ ನೆಗಡಿ, ಪರೀಕ್ಷೆಯ ಭಯ, ಆಟೋಟ, ಅಳು, ಸಣ್ಣಪುಟ್ಟ ತರಚು ಗಾಯ, ಇವಕ್ಕೆಲ್ಲ ಬೇಡ. ಲಸಿಕೆಗೂ ಬೇಡ, ಲಸಿಕೆ ಹಾಕಿದ ಮೇಲೆ ಜ್ವರ ಬಂದರೆ ಮಾತ್ರ ಬೇಕು. ಹಲ್ಲು ಕೀಳಿಸುವ ಮುಂಚೆ, ಅರಿವಳಿಕೆ ಕೊಡುವ ಯಾವುದೇ ಆಪರೇಷನ್ ಮುಂಚೆ ಹಾರ್ಮೋನ್ ಡಾಕ್ಟರ ಮಾತು ಕೇಳದೆ ಮುಂದೆ ಹೋಗಬೇಡಿ.

ವಾಂತಿ ಎಲ್ಲಕ್ಕಿಂತ ಅಪಾಯ, ಯಾಕಂದರೆ ಮಾತ್ರೆಯೇ ಹೊರಗೆ ಬರುತ್ತದೆ. ಮಾತ್ರೆ ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಷ್ಟನ್ನೇ ಮತ್ತೆ ಕೊಡಿ. ಎರಡನೇ ಸಲವೂ ಹೊರಬಂದರೆ ಮೂರನೇ ಮಾತ್ರೆ ಬೇಡ, ಇಂಜೆಕ್ಷನ್. ಮಗು ಎಬ್ಬಿಸಿದರೂ ಏಳುತ್ತಿಲ್ಲ, ಮೈ ತಣ್ಣಗೆ ಬೆವರುತ್ತಿದೆ, ತೊದಲುತ್ತಿದೆ, ಫಿಟ್ಸ್ ಬಂದಿದೆ, ಬಿದ್ದು ಮೂಳೆ ಮುರಿದಿದೆ ಅಂದರೆ ನೇರವಾಗಿ ಇಂಜೆಕ್ಷನ್.

ಇಂಜೆಕ್ಷನ್ ನೀವೇ ಹಾಕಬೇಕು

ಇದನ್ನು ಕೇಳಿದ ದಿನ ನನ್ನ ಕೈಕಾಲು ನಡುಗಿತ್ತು. ಮಗುವಿಗೆ ನಾನು ಸೂಜಿ ಚುಚ್ಚುವುದಾ? ನಮ್ಮ ಸಿಸ್ಟರ್ ಒಂದು ಕಿತ್ತಳೆ ಹಣ್ಣು ತರಿಸಿ ಕೈಗಿಟ್ಟರು. ಸಿಪ್ಪೆಯ ಮೇಲೆ ಸೂಜಿ ಇಟ್ಟಾಗ ಮೊದಲು ಬಿಗಿ ಅನಿಸುತ್ತದೆ, ಆಮೇಲೆ ಟಪ್ ಅಂತ ಒಳಗೆ ಹೋಗುತ್ತದೆ. ತೊಡೆಯೂ ಹಾಗೆಯೇ. ಹತ್ತು ಸಲ ಚುಚ್ಚಿದ ಮೇಲೆ ಕೈ ನಿಂತಿತು. ನನ್ನ ಗಂಡ, ಅತ್ತೆ, ತವರಿನಲ್ಲಿ ತಮ್ಮ, ಎಲ್ಲರಿಗೂ ಕಲಿಸಿದ್ದೇವೆ.

ಡಬ್ಬಿಯಲ್ಲಿ ಇರಬೇಕಾದದ್ದು: ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ಪುಡಿಯ ಎರಡು ವಯಲ್, ಇಂಜೆಕ್ಷನ್ ನೀರಿನ ಆಂಪ್ಯೂಲ್, 2 ಎಂಎಲ್ ಸಿರಿಂಜು ಸೂಜಿ ಸಮೇತ ನಾಲ್ಕು, ಸ್ಪಿರಿಟ್ ಹತ್ತಿ, ಡಾಕ್ಟರ ಪತ್ರ. ಒಂದು ಡಬ್ಬಿ ಮನೆಯಲ್ಲಿ, ಒಂದು ಮಗು ಎಲ್ಲಿ ಹೋಗುತ್ತದೋ ಅಲ್ಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಎಕ್ಸ್‌ಪೈರಿ ತಾರೀಖನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ.

ಹಾಕುವ ಕ್ರಮ ಹೀಗೆ:

1. ಸಿರಿಂಜಿಗೆ 2 ಎಂಎಲ್ ನೀರು ಎಳೆದು ವಯಲಿನ ರಬ್ಬರ್ ಮುಚ್ಚಳದ ಮೂಲಕ ಒಳಗೆ ಬಿಡಿ. ಪುಡಿ ಪೂರ್ತಿ ಕರಗಿ ತಿಳಿಯಾಗುವವರೆಗೆ ಅಂಗೈಯಲ್ಲಿ ಉರುಳಿಸಿ. ಈಗ 1 ಎಂಎಲ್‌ನಲ್ಲಿ 50 ಮಿ.ಗ್ರಾಂ. ಇದೆ.

2. ಮೂರು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ 25 ಮಿ.ಗ್ರಾಂ., ಅಂದರೆ ಅರ್ಧ ಎಂಎಲ್. ಮೂರರಿಂದ ಹನ್ನೆರಡು ವರ್ಷದವರಿಗೆ 50 ಮಿ.ಗ್ರಾಂ., 1 ಎಂಎಲ್. ಅದಕ್ಕಿಂತ ದೊಡ್ಡವರಿಗೆ 100 ಮಿ.ಗ್ರಾಂ., ಪೂರ್ತಿ 2 ಎಂಎಲ್. ನಿಮ್ಮ ಮಗುವಿನದನ್ನು ಡಬ್ಬಿಯ ಮೇಲೆ ಬರೆದು ಅಂಟಿಸಿ. ಗಾಬರಿಯಲ್ಲಿ ಲೆಕ್ಕ ಮಾಡಲು ಆಗುವುದಿಲ್ಲ.

3. ತೊಡೆಯ ಹೊರಬದಿಯಲ್ಲಿ, ಸೊಂಟಕ್ಕೂ ಮೊಣಕಾಲಿಗೂ ನಡುವೆ, ಸ್ಪಿರಿಟ್ ಒರೆಸಿ, ಸೂಜಿಯನ್ನು ನೇರವಾಗಿ ಚುಚ್ಚಿ ಮದ್ದು ಬಿಡಿ. ಪುರುಸೊತ್ತಿಲ್ಲದಿದ್ದರೆ ಬಟ್ಟೆಯ ಮೇಲಿಂದಲೇ ಆದರೂ ಚುಚ್ಚಿ.

4. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಇಂಜೆಕ್ಷನ್ ಆದ ಮೇಲೆ ಮಗು ಗೆಲುವಾಯಿತು ಅಂತ ಮನೆಯಲ್ಲೇ ಉಳಿಯಬೇಡಿ. ಡ್ರಿಪ್ ಮತ್ತು ರಕ್ತಪರೀಕ್ಷೆ ಬೇಕೇ ಬೇಕು.

ಬೇಕಿತ್ತೋ ಬೇಡವೋ ಅಂತ ಅನುಮಾನ ಇದ್ದರೆ ಹಾಕಿಬಿಡಿ. ಬೇಡದಾಗ ಒಂದು ಸಲ ಹಾಕಿದರೆ ಮಗುವಿಗೆ ತೊಂದರೆಯಿಲ್ಲ. ಬೇಕಾದಾಗ ಹಾಕದಿದ್ದರೆ ಜೀವ ಹೋಗಬಹುದು.

ಎಮರ್ಜೆನ್ಸಿಯಲ್ಲಿ ಇರುವ ಡಾಕ್ಟರಿಗೆ ಈ ಕಾಯಿಲೆಯ ಪರಿಚಯ ಇಲ್ಲದೇ ಇರಬಹುದು. ಒಮ್ಮೆ ರಾತ್ರಿ ನಮ್ಮನ್ನು ಸಾಲಿನಲ್ಲಿ ನಲವತ್ತು ನಿಮಿಷ ಕೂರಿಸಿದ್ದರು. ಅಲ್ಲಿಂದ ಮೇಲೆ ನಮ್ಮ ಹಾರ್ಮೋನ್ ಡಾಕ್ಟರ ಹತ್ತಿರ ಲೆಟರ್‌ಹೆಡ್ಡಿನಲ್ಲಿ ಒಂದು ಪುಟದ ಪತ್ರ ಬರೆಸಿ ಲ್ಯಾಮಿನೇಟ್ ಮಾಡಿಸಿದೆ. ಮಗುವಿಗೆ ಅಡ್ರಿನಲ್ ಕೊರತೆ ಇದೆ, ಕಾಯದೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಿ, ನಾರ್ಮಲ್ ಸಲೈನ್ ಮತ್ತು ಡೆಕ್ಸ್ಟ್ರೋಸ್ ಹಾಕಿ, ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ ನೋಡಿ, ಡ್ರಿಪ್‌ಗೆ ಪೊಟ್ಯಾಸಿಯಂ ಸೇರಿಸಬೇಡಿ ಅಂತ ಅದರಲ್ಲಿದೆ. ಹೈಡ್ರೋಕಾರ್ಟಿಸೋನ್ ಆ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಬದಲಿಗೆ ಏನು, ಎಷ್ಟು ಅಂತಲೂ ಬರೆಸಿಕೊಳ್ಳಿ. ಆ ಪತ್ರ ತೋರಿಸಿದ ಮೇಲೆ ಯಾರೂ ನಮ್ಮನ್ನು ಕೂರಿಸಿಲ್ಲ.

ಚೆಕಪ್ಪಿನಲ್ಲಿ ಏನು ನೋಡುತ್ತಾರೆ

ಮೊದಲ ವರ್ಷ ಪದೇ ಪದೇ, ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ. ಎತ್ತರ, ತೂಕ, ಬಿಪಿ, 17-ಓಎಚ್‌ಪಿ, ಆಂಡ್ರೊಸ್ಟೆನೆಡಯೋನ್ ಅನ್ನೋ ಆಂಡ್ರೊಜನ್, ರೆನಿನ್. ಎರಡು ವರ್ಷದ ಮೇಲೆ ವರ್ಷಕ್ಕೊಮ್ಮೆ ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ರಕ್ತ ಕೊಡುವಾಗ ಪ್ರತಿ ಸಲ ಒಂದೇ ಹೊತ್ತಿಗೆ ಕೊಡಿ, ಕೊನೇ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಹೇಳಿ. ಇಲ್ಲದಿದ್ದರೆ ಸಂಖ್ಯೆಗೆ ಅರ್ಥವಿಲ್ಲ.

ಡೋಸ್ ಕಮ್ಮಿಯಾದರೆ ಮಗು ವಯಸ್ಸಿಗೆ ಮೀರಿ ಸರಸರ ಬೆಳೆಯುತ್ತದೆ. ತರಗತಿಯಲ್ಲೇ ಎತ್ತರ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಮೂಳೆ ಬೇಗ ಬಲಿತು ಬೆಳವಣಿಗೆ ನಿಂತುಬಿಡುತ್ತದೆ, ಕೊನೆಗೆ ಗಿಡ್ಡವಾಗಿ ಉಳಿಯುತ್ತಾರೆ. ಆರೇಳು ವರ್ಷಕ್ಕೇ ಕಂಕುಳಲ್ಲಿ ಕೂದಲು, ದೊಡ್ಡವರ ಬೆವರಿನ ವಾಸನೆ, ಮೊಡವೆ ಬಂದರೂ ಹೇಳಿ. ಜಾಸ್ತಿಯಾದರೆ ಮುಖ ದುಂಡಗಾಗಿ ಊದುತ್ತದೆ, ತೂಕ ಏರುತ್ತದೆ, ಎತ್ತರ ನಿಲ್ಲುತ್ತದೆ. 17-ಓಎಚ್‌ಪಿ ಪೂರ್ತಿ ನಾರ್ಮಲ್ ಆಗಲಿಲ್ಲ ಅಂತ ಕೊರಗಬೇಡಿ. ಅದನ್ನು ಪೂರ್ತಿ ಇಳಿಸಲು ಹೋದರೆ ಡೋಸ್ ಅತಿಯಾಗುತ್ತದೆ. ಮನೆಯ ಗೋಡೆಗೆ ಒಂದು ಟೇಪ್ ಅಂಟಿಸಿ ಮೂರು ತಿಂಗಳಿಗೊಮ್ಮೆ ಗೆರೆ ಎಳೆಯಿರಿ, ನಿಮಗೇ ಎಷ್ಟೋ ತಿಳಿಯುತ್ತದೆ.

ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ಮಕ್ಕಳ ಹಾರ್ಮೋನ್ ತಜ್ಞರಿದ್ದಾರೆ. ದೂರದ ಊರಿನವರು ವರ್ಷಕ್ಕೆ ಎರಡು ಮೂರು ಸಲವಾದರೂ ಇಂಥ ಕಡೆ ತೋರಿಸಿ, ನಡುವೆ ತಮ್ಮೂರಿನ ಮಕ್ಕಳ ಡಾಕ್ಟರ ಹತ್ತಿರ ನೋಡಿಸಿಕೊಳ್ಳಬಹುದು. ಹೊಸ ಮದ್ದುಗಳೂ ಬರುತ್ತಿವೆ. ಎಸಿಟಿಎಚ್ ಅನ್ನೇ ತಗ್ಗಿಸುವ ಕ್ರಿನೆಸರ್‌ಫಾಂಟ್‌ಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ನಾಲ್ಕು ವರ್ಷ ಮೇಲ್ಪಟ್ಟವರಿಗೆ. ಅದನ್ನು ತಗೊಂಡರೂ ಹೈಡ್ರೋಕಾರ್ಟಿಸೋನ್ ಬಿಡುವ ಹಾಗಿಲ್ಲ, ಡೋಸ್ ಕಮ್ಮಿ ಮಾಡಬಹುದು.

ಹೆಣ್ಣುಮಕ್ಕಳ ಆಪರೇಷನ್ ವಿಷಯ

ಹುಟ್ಟಿದ ಕೆಲವೇ ತಿಂಗಳಲ್ಲಿ ಜನನಾಂಗದ ಆಪರೇಷನ್ ಮಾಡಿಸಿ ಎಲ್ಲ ಮರೆತುಬಿಡೋಣ ಅಂತ ಮನೆಯವರಿಗೆ ಅನಿಸುವುದು ಸಹಜ. ಅವಸರ ಮಾಡಬೇಡಿ ಅಂತಲೇ ನನ್ನ ಅಭಿಪ್ರಾಯ. ಮೂತ್ರಕ್ಕೆ ತೊಂದರೆ ಇಲ್ಲದಿದ್ದರೆ ಆಪರೇಷನ್ ಇಲ್ಲದೆಯೂ ಮಗು ಆರೋಗ್ಯವಾಗಿರುತ್ತದೆ. ಮಾಡಿದರೆ ಸ್ಪರ್ಶಜ್ಞಾನ ಕಮ್ಮಿಯಾಗುವ, ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಇದೆ. ಮಗಳು ಬೆಳೆದು ತಾನೇ ತೀರ್ಮಾನ ಮಾಡಲಿ ಅನ್ನುವ ದಾರಿಯೂ ಇದೆ ಅಂತ ಡಾಕ್ಟರು ತಂದೆತಾಯಿಗೆ ಹೇಳಬೇಕು. ಮದ್ರಾಸ್ ಹೈಕೋರ್ಟಿನ 2019ರ ತೀರ್ಪಿನ ನಂತರ ತಮಿಳುನಾಡಿನಲ್ಲಿ ಜೀವಕ್ಕೆ ಅಪಾಯವಿಲ್ಲದೆ ಕೂಸುಗಳಿಗೆ ಇಂಥ ಆಪರೇಷನ್ ಮಾಡುವುದನ್ನು ಸರ್ಕಾರವೇ ನಿಷೇಧಿಸಿದೆ.

ಶಾಲೆ, ಜಾತ್ರೆ, ನೆಂಟರ ಮನೆ

ಹೆಡ್‌ಮಾಸ್ಟರಿಗೆ, ಕ್ಲಾಸ್ ಟೀಚರಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ: ಮಧ್ಯಾಹ್ನ 1ಕ್ಕೆ ಮಾತ್ರೆ, ವಾಂತಿಯಾದರೆ ಅಥವಾ ಮಂಕಾದರೆ ತಕ್ಷಣ ಫೋನ್, ಬಿಸಿಲಲ್ಲಿ ನೀರು ಕುಡಿಯಲು ಬಿಡಿ. ಕೆಳಗೆ ಮೂರು ಫೋನ್ ನಂಬರ್. ಆಟದಿಂದ ಹೊರಗಿಡಬೇಡಿ ಅಂತಲೂ ಬರೆಯಿರಿ. ನನ್ನ ಮಗ ಖೋ ಖೋ ಆಡುತ್ತಾನೆ. ಕುತ್ತಿಗೆಯ ದಾರದಲ್ಲಿ ತಾಯತದ ಜೊತೆ ಒಂದು ಸ್ಟೀಲ್ ಬಿಲ್ಲೆ ಇದೆ. ಅದರ ಮೇಲೆ ಹೆಸರು, "ಅಡ್ರಿನಲ್ ಕೊರತೆ, ಹೈಡ್ರೋಕಾರ್ಟಿಸೋನ್ ಕೊಡಿ", ಫೋನ್ ನಂಬರ್ ಕೊರೆಸಿದ್ದೇವೆ. ಅಜ್ಜಿ ಕಟ್ಟಿದ ತಾಯತ ಇರಲಿ ಬಿಡಿ, ಬಿಲ್ಲೆಯೂ ಇರಲಿ.

ಮುಂದಿನ ಮಗು, ಮುಂದಿನ ಮದುವೆ

ಸಿಎಎಚ್ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಜೀನ್ ಕೆಟ್ಟಿರಬೇಕು. ಒಂದೇ ಕೆಟ್ಟಿದ್ದರೆ ಅವರು ವಾಹಕರು, ಆರೋಗ್ಯವಾಗಿಯೇ ಇರುತ್ತಾರೆ. ನಾನೂ ನನ್ನ ಗಂಡನೂ ಹಾಗೆಯೇ. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಅಂತ ಅಲ್ಲ. ಪ್ರತಿ ಸಲವೂ ಅದೇ ಲೆಕ್ಕ. ನನ್ನ ಗಂಡ ನನಗೆ ಸೋದರತ್ತೆಯ ಮಗ. ನಮ್ಮ ಕಡೆ ಅತ್ತೆಯ ಮಗ, ಸೋದರಮಾವ, ಅಕ್ಕನ ಮಗಳು ಅಂತ ಒಳಗೊಳಗೇ ಮದುವೆಯಾಗುವುದು ಜಾಸ್ತಿ. ಒಂದೇ ಅಜ್ಜ ಅಜ್ಜಿಯಿಂದ ಬಂದ ಜೀನು ಇಬ್ಬರಲ್ಲೂ ಇರುವ ಸಾಧ್ಯತೆಯೂ ಹಾಗಾಗಿ ಹೆಚ್ಚು. ಮದುವೆಯಾದವರನ್ನು ದೂರಿ ಪ್ರಯೋಜನವಿಲ್ಲ. ಇನ್ನು ಆಗುವವರು ಒಮ್ಮೆ ಯೋಚಿಸಲಿ ಅಂತ ಹೇಳುತ್ತಿದ್ದೇನೆ.

ಇನ್ನೊಂದು ಮಗು ಬೇಕೆಂದರೆ ಬಸುರಾಗುವ ಮುಂಚೆಯೇ ಮಗುವಿನ ಮತ್ತು ಇಬ್ಬರ ಜೀನ್ ಪರೀಕ್ಷೆ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳಿ. ಆಗ 10ರಿಂದ 12 ವಾರದಲ್ಲಿ ಹೊಟ್ಟೆಯಲ್ಲಿರುವ ಮಗುವಿಗೆ ಇದೆಯೋ ಇಲ್ಲವೋ ನೋಡಬಹುದು. ಅದು ಬೇಡ ಅನಿಸಿದರೂ, ಹುಟ್ಟಿದ ಮಗುವಿಗೆ ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿದರೆ ಸಾಕು, ನಾವು ಕಂಡ ಹದಿಮೂರನೇ ದಿನ ನೀವು ಕಾಣಬೇಕಾಗಿಲ್ಲ. ನನ್ನ ಮಗಳು ಹುಟ್ಟಿದಾಗ ನಾನು ಹಾಗೆಯೇ ಮಾಡಿದೆ. ಅವಳಿಗೆ ಕಾಯಿಲೆ ಇಲ್ಲ.

ಈ ಮಕ್ಕಳು ದೊಡ್ಡವರಾಗಿ ಓದುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಹೆಣ್ಣುಮಕ್ಕಳು ಸರಿಯಾದ ಆರೈಕೆಯಲ್ಲಿ ತಾಯಿಯಾಗುತ್ತಾರೆ. ಗಂಡುಮಕ್ಕಳು ಹದಿಹರೆಯದಲ್ಲಿ ಮಾತ್ರೆ ತಪ್ಪಿಸಿದರೆ ವೃಷಣದೊಳಗೆ ಅಡ್ರಿನಲ್ ಗಂಟುಗಳು ಬೆಳೆದು ಮಕ್ಕಳಾಗುವುದಕ್ಕೆ ತೊಂದರೆಯಾಗಬಹುದು. ಅದಕ್ಕೆ ಆಗಾಗ ಸ್ಕ್ಯಾನ್ ಬೇಕು. ಇದನ್ನು ಮಗನಿಗೆ ಯಾವಾಗ, ಹೇಗೆ ಹೇಳುವುದು ಅಂತ ನಾನು ಈಗಲೇ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಅವನಿಗೆ ಗೊತ್ತಿರುವುದು ಕೆರೆ, ಕಾಲುವೆ, ನೀರುಗಂಟಿಯ ಕಥೆ. ಕಳೆದ ಭಾನುವಾರ ಸೂಜಿ ಚುಚ್ಚುವುದನ್ನು ತಾನೂ ಕಲಿಯಬೇಕು ಅಂತ ಹಠ ಹಿಡಿದ. ಕಿತ್ತಳೆ ಇರಲಿಲ್ಲ, ಮೂಸಂಬಿ ಕೊಟ್ಟೆ. ಮೂರನೇ ಸಲಕ್ಕೆ ಸರಿಯಾಗಿ ಚುಚ್ಚಿ, ತಂಗಿಯನ್ನು ಕರೆದು ತೋರಿಸಿದ.